ಕಿತ್ತು ಹಾಕಿದ ಓರೆಗೆರೆ

1988ರಲ್ಲಿ ಮಧುಗಿರಿಗೆ ಕಂಪ್ಯೂಟರ್ ಬಂದಾಗ ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ನಾನೇ ಅದರ ಪೂಜಾರಿ. ಟೈಪಿಂಗ್ ಪಾಸಾಗಿದ್ದೇನೆ ಎಂಬ ಒಂದೇ ಕಾರಣಕ್ಕೆ ಗಂಗಾಧರಯ್ಯನವರು ತಮ್ಮ ಹೊಸ ಸೆಂಟರಿನಲ್ಲಿ ಕೆಲಸ ಕೊಟ್ಟಿದ್ದರು. ನನ್ನ ತಲೆಯೂ ಸ್ವಲ್ಪ ತಿರುಗಿತ್ತು.

ಮೊದಲ ಕೆಲಸ ಗೌಡಗೆರೆ ಕಡೆಯ ಹಟ್ಟಿಗಳದ್ದು. ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿಕೊಂಡವರಿಗೆ ಹಕ್ಕುಪತ್ರ ಕೊಡುವುದಿತ್ತು. ಒಂದೊಂದು ಅರ್ಜಿಗೆ ಒಂದೊಂದು ಫೈಲು, ಫೈಲಿಗೆ ಜಾಗದ ಸರ್ವೆ ನಂಬರೇ ಹೆಸರು. ಆದರೆ ಹೆಸರಿನಲ್ಲಿ ಓರೆಗೆರೆ ಇದ್ದರೆ ಕಂಪ್ಯೂಟರ್ ಒಪ್ಪುತ್ತಿರಲಿಲ್ಲ. 11/23 ಎಂದು ಒತ್ತಿದರೆ ಆಗುವುದಿಲ್ಲ ಎಂದು ಹಟ ಹಿಡಿಯುತ್ತಿತ್ತು. ಗೆರೆ ಇದ್ದರೂ ಇಲ್ಲದಿದ್ದರೂ ಅಳಿಯ ಅಲ್ಲ ಮಗಳ ಗಂಡ ಎಂದುಕೊಂಡು ಕಿತ್ತು ಹಾಕಿ, 1123 ಎಂದು ಬರೆದೆ. ಅದು ಜುಂಜಮ್ಮನ ಅರ್ಜಿ.

ನಾಲ್ಕು ದಿನದ ಮೇಲೆ ಇನ್ನೊಂದು ಹಟ್ಟಿಯ ಅಡವಯ್ಯನ ಅರ್ಜಿ ಬಂತು. ಅವನದು 112/3. ಅಲ್ಲೂ ಗೆರೆ ಕಿತ್ತೆ. ಈ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೆಯೇ ಬರೆಯಲೇ ಎಂದು ಕಂಪ್ಯೂಟರ್ ಇಂಗ್ಲಿಷಿನಲ್ಲಿ ಕೇಳಿತು. ಏನಾದರೂ ತಿದ್ದಿದಾಗಲೆಲ್ಲ ಅದು ಹೀಗೇ ಕೇಳುತ್ತಿತ್ತು, ನಾನು ಓದದೆ ಹೂಂ ಎಂದು ಒತ್ತುತ್ತಿದ್ದೆ. ಅವತ್ತೂ ಒತ್ತಿದೆ.

ಈ ಫೈಲುಗಳಿಂದ ತೆಗೆದ ಹಕ್ಕುಪತ್ರದ ಪಟ್ಟಿ ಸರ್ಕಾರಿ ಕಚೇರಿಯಲ್ಲಿ ಸಹಿಯಾಗಿ ಬಂದಾಗ ಅದರಲ್ಲಿ ಜುಂಜಮ್ಮನ ಹೆಸರಿರಲಿಲ್ಲ. ಕಂಪ್ಯೂಟರಿಗೆ ಹಾಕಿದ ಮೇಲೆ ಕಾಗದ ಯಾಕೆ ಎಂದು ಕಚೇರಿಯವರು ಅರ್ಜಿಗಳನ್ನೆಲ್ಲ ರದ್ದಿಗೆ ಹಾಕಿದ್ದರು. ನೀನು ಅರ್ಜಿಯನ್ನೇ ಕೊಟ್ಟಿಲ್ಲ, ಗುಡಿಸಲು ಕೀಳು ಎಂದು ಆಕೆಗೆ ಹೇಳಿದರು.

ಫ್ಲಾಪಿ ಹಾಕಿ ನೋಡಿದರೆ 1123ರಲ್ಲಿ ಅಡವಯ್ಯ ಒಬ್ಬನೇ ಇದ್ದ. ಗಂಗಾಧರಯ್ಯನವರಿಗೆ ಹೇಳಿದೆ.

“ಮಿಷಿನ್ ತಪ್ಪು ಅಂದ್ಬುಡಮ್ಮ. ನಿನ್ ತಪ್ಪು ಅಂದ್ರೆ ನಿಂಗೆ ಇಲ್ಲಿ ಕೆಲ್ಸ ಇಲ್ಲ,” ಎಂದರು.

ಮಾರನೆಯ ದಿನ ಜುಂಜಮ್ಮನೇ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದು ಕಂಪ್ಯೂಟರಿಗೆ ಕೈ ಮುಗಿದಳು. ನನಗೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಆಕೆ ಬೈಯಲಿಲ್ಲ. “ಅಂಗಾರೆ ನಾನು ಅಡವಯ್ಯನ ಅಡೀಗಿವ್ನಿ ಅನ್ನು. ಅವನ್ನ ವಸಿ ಎಬ್ಬುಸಿ ನೋಡವ್ವ,” ಎಂದಳು.

“ಅಡೀಲಿ ಏನೂ ಇಲ್ಲ ಕಣಜ್ಜಿ. ಅಳಿಸಿಹೋಗಿದೆ.”

“ಮೂವತ್ತೊರ್ಸದಿಂದ ಅಲ್ಲೇ ಒಲೆ ಹಚ್ಚಿವ್ನಿ. ಅದೆಂಗವ್ವ ಏನೂ ಇಲ್ದಂಗಾಯ್ತದೆ?”

ಬಿಳಿ ಹಾಳೆ ತೆಗೆದು, ಈಕೆ ಅರ್ಜಿ ಕೊಟ್ಟದ್ದು ನಿಜ, ಅದನ್ನು ಅಳಿಸಿದವಳು ನಾನು ಎಂದು ಬರೆದೆ. 11/23 ಎಂದು ಗೆರೆ ಸಮೇತ ಬರೆದು ಸಹಿ ಹಾಕಿದೆ. ಬಾಗಿಲಲ್ಲಿ ನಿಂತಿದ್ದ ಗಂಗಾಧರಯ್ಯನವರು ಕೈ ಚಾಚಿದರು. ಸೆಂಟರಿನ ಬೀಗದಕೈ ಅವರಿಗೆ ಕೊಟ್ಟು, ಜುಂಜಮ್ಮನ ಜೊತೆ ಕಚೇರಿಗೆ ಹೋದೆ.

ಗುಮಾಸ್ತರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು.

“ಕೈಬರಹ ಈಗ ನಡೆಯಲ್ಲಮ್ಮ. ಕಂಪ್ಯೂಟರಲ್ಲಿ ಬರೆಸ್ಕೊಂಡು ಬನ್ನಿ.”

ಜುಂಜಮ್ಮ ಧೈರ್ಯವಾಗಿ ನನ್ನ ಕಡೆ ತಿರುಗಿ, “ನಡಿಯವ್ವ, ಆ ಮಿಷಿನ್ನು ನಿನ್ ಕೈಯಾಗೇ ಐತಲ್ಲ,” ಎಂದಳು.