ಬಿಚ್ಚದೆ ಬರೆದ ಡಿಸ್ಕು

ಡಿಸ್ಕಿನ ಬೆನ್ನಿನಿಂದ ಎದ್ದ ಬಣ್ಣ ಚಾವಣಿಯ ಮೇಲೆ ಓಡುತ್ತಿದೆ, ಕೈಯನ್ನು ಸ್ವಲ್ಪ ವಾಲಿಸಿದರೆ ಮೂಲೆಗೆ, ಇನ್ನೂ ಸ್ವಲ್ಪ ವಾಲಿಸಿದರೆ ಗಡಿಯಾರದ ಮುಖಕ್ಕೆ, ಹನ್ನೊಂದೂವರೆ, ನೇರಳೆ, ಹಸಿರು, ಮತ್ತೆ ನೇರಳೆ, ಇಷ್ಟು ತೆಳ್ಳಗಿನ ವಸ್ತುವಿನಲ್ಲಿ ಒಂದು ಯಂತ್ರದ ಎಚ್ಚರವೆಲ್ಲ ಇದೆ ಎಂದರೆ ಯಾರು ನಂಬುತ್ತಾರೆ, ನಾನು ನಂಬುತ್ತೇನೆ, ನಂಬುವುದು ನನಗೆ ಯಾವತ್ತೂ ಕಷ್ಟದ ಕೆಲಸವಾಗಿರಲಿಲ್ಲ. ಹೊಳೆಯೋ ಕಡೆ ಮುಟ್ಟಬೇಡಿ ಅಮ್ಮ ಎಂದು ಗ್ರಂಥಾಲಯದ ಮೇಡಂ ಮೂರು ಸಲ ಹೇಳಿದ್ದಾರೆ, ಅವರಿಗೇನು ಗೊತ್ತು, ಅಚ್ಚಾದ ಹಾಳೆಯನ್ನು ಅಂಚಿನಲ್ಲೇ ಹಿಡಿದು ನಲವತ್ತು ವರ್ಷ ಪುಸ್ತಕ ಹೊಲಿದ ಬೆರಳುಗಳಿವು — ಒಮ್ಮೆ ಮಾತ್ರ ಒಣಗದ ಶಾಯಿಯ ಮೇಲೆ ಹೆಬ್ಬೆರಳು ಊರಿದ್ದೆ, ತಮ್ಮ ಆ ಹಾಳೆಯನ್ನು ಬೆಳಕಿಗೆ ಹಿಡಿದು, ಅಕ್ಕ, ನಿನ್ನ ಹೆಬ್ಬೆಟ್ಟಿಗೂ ಒಂದು ಪುಟಸಂಖ್ಯೆ ಕೊಡೋಣ್ವ ಎಂದಿದ್ದ. ಅವನು ಹೋಗಿ ಎಪ್ಪತ್ತೆರಡು ದಿನ. ಕುರ್ಚಿ ಅವನದೇ, ಮೆತ್ತೆಯ ತಗ್ಗೂ ಅವನದೇ, ಅವನು ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಅಕ್ಷರ ಅಳಿಸಿಹೋದ ಕೀಲಿಗಳ ಮುಂದೆ ನಾನು ಕುಳಿತಿದ್ದೇನೆ, ಯಂತ್ರ ಮಾತಾಡುವುದಿಲ್ಲ.

ಮಾತಾಡದ ಹಾಗೆ ಮಾಡಿದವಳು ನಾನೇ. ಅವನು ಹೋದ ದಿನ ಮನೆ ತುಂಬ ಜನ, ಅವನನ್ನು ಮಲಗಿಸಲು ಈ ಕೋಣೆ ಖಾಲಿಯಾಗಬೇಕಿತ್ತು, ಮೇಜು ಸರಿಸಿ ಅಂದರು ಯಾರೋ, ಯಂತ್ರ ಇನ್ನೂ ಗುಯ್‌ಗುಡುತ್ತಿತ್ತು, ಅವನು ಹಾಗೇ ಬಿಟ್ಟು ಎದ್ದಿದ್ದ, ನಾನು ಬಗ್ಗಿ ಗೋಡೆಯಿಂದ ಪ್ಲಗ್ಗು ಕಿತ್ತೆ, ಗುಯ್‌ ಅನ್ನುವುದು ನಿಂತಿತು, ಅದೊಂದೇ ನನಗೆ ಆ ದಿನ ಸ್ಪಷ್ಟವಾಗಿ ಕೇಳಿದ ಸದ್ದು. ಆಮೇಲೆ ಎಷ್ಟು ಸಲ ಗುಂಡಿ ಒತ್ತಿದರೂ ಕಪ್ಪು ಪರದೆ, ಬಿಳಿ ಅಕ್ಷರದಲ್ಲಿ ಒಂದು ದೂರು, ವ್ಯವಸ್ಥೆ ಸಿಗುತ್ತಿಲ್ಲವಂತೆ. ರಿಪೇರಿ ಅಂಗಡಿಯವರು ಬಂದು ನೋಡಿದರು, ಅಜ್ಜಿ, ಆಪರೇಟಿಂಗ್ ಸಿಸ್ಟಮ್ ಕೆಟ್ಟಿದೆ, ಹೊಸದು ಹಾಕಿಬಿಡ್ತೀನಿ, ಹತ್ತು ನಿಮಿಷದ ಕೆಲಸ ಎಂದರು, ಒಳಗಿರೋದು ಏನಾಗುತ್ತೆ ಎಂದೆ, ಒಳಗಿರೋದು ಹೋಗುತ್ತೆ, ಮನೆ ಖಾಲಿ ಮಾಡದೆ ಸುಣ್ಣ ಹೊಡೆಯೋಕಾಗುತ್ತಾ ಎಂದರು. ಹಾಗಾದರೆ ಸುಣ್ಣ ಬೇಡ ಎಂದು ಅವರನ್ನು ಬಾಗಿಲವರೆಗೆ ಬಿಟ್ಟುಬಂದೆ. ಅಜ್ಜಿಯಂತೆ.

ಒಳಗಿರುವುದು ಅಮ್ಮನ ಪದಗಳು. ಅಮ್ಮ ಬೆಳಗಿನ ಜಾವ ದೇವರ ಮುಂದೆ ಹೇಳುತ್ತಿದ್ದ ಹಾಡುಗಳು, ಎಲ್ಲಿಯೂ ಬರೆದಿಟ್ಟಿರಲಿಲ್ಲ, ಅಮ್ಮನಿಂದ ನನ್ನ ಬಾಯಿಗೆ ಬಂದವು, ನನ್ನ ಬಾಯಿಂದ ಯಾರ ಬಾಯಿಗೂ ಹೋಗಲಿಲ್ಲ. ಮೂರು ವರ್ಷ ಪ್ರತಿದಿನ ಊಟವಾದ ಮೇಲೆ ನಾನು ಹೇಳಿದೆ, ತಮ್ಮ ಈ ಯಂತ್ರಕ್ಕೆ ಇಳಿಸಿದ, ನಲವತ್ತೊಂದು ಪದ, ಅವನೇ ಅಚ್ಚು ಹಾಕಿ ನಾನೇ ಹೊಲಿದು ಒಂದು ಪುಸ್ತಕ ಮಾಡುವುದು ಎಂದು ಮಾತಾಗಿತ್ತು. ಈಗ ಏನಾಗಿದೆ ಎಂದರೆ, ಅವನು ಹೋದ ಮೇಲೆ ನನ್ನ ಬಾಯಿ ತಡವರಿಸುತ್ತಿದೆ, ಬೆಳಿಗ್ಗೆ ಕಣ್ಣು ಮುಚ್ಚಿ ಕೂರುತ್ತೇನೆ, ಬೆಳಗಾಯಿತೆಂದು ಯಾರು ಹೇಳಿದರೋ ಬಾಗಿಲಿಗೆ — ಅದು ಮೊದಲ ಪದ, ಐದು ನುಡಿ, ನಾಲ್ಕು ನುಡಿ ನೀರಿನ ಹಾಗೆ ಬರುತ್ತದೆ, ಐದನೆಯದಕ್ಕೆ ಬಂದರೆ ಗೋಡೆ. ಎಪ್ಪತ್ತೆರಡು ಬೆಳಗು ಅದೇ ಗೋಡೆ. ಭಗವಂತನ ಮುಂದೆ ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗುವುದು ಎಂದರೆ ಬಡಿಸಿದ ಎಲೆಯ ಮುಂದಿನಿಂದ ಎದ್ದ ಹಾಗೆ. ಪರವಾಗಿಲ್ಲ, ತಮ್ಮ ಬರೆದಿಟ್ಟಿದ್ದಾನೆ, ಒಳಗಿದೆ ಎಂದು ದಿನಾ ಸಮಾಧಾನ ಹೇಳಿಕೊಳ್ಳುತ್ತೇನೆ.

ಅತ್ತಿಗೆ, ಊಟ ಮಾಡಿ ಆಮೇಲೆ ಎಬ್ಬಿಸಿ ಅದನ್ನ, ಇಷ್ಟು ದಿನ ಮಲಗಿದೆ, ಇನ್ನೊಂದು ಗಂಟೆ ಮಲಗಿದ್ರೆ ಮುನಿಸ್ಕೊಳ್ಳಲ್ಲ — ತಮ್ಮನ ಹೆಂಡತಿ, ಅಡುಗೆಮನೆಯಿಂದ, ಅವಳ ದನಿ ಈಚೆಗೆ ಮತ್ತೆ ಹರಿತವಾಗುತ್ತಿದೆ, ಒಳ್ಳೆಯದು, ನಡುವೆ ಒಂದು ತಿಂಗಳು ಅವಳು ನನಗೆ ಎದುರಾಡಲೇ ಇಲ್ಲ, ಹೆದರಿಕೆಯಾಗಿತ್ತು. ನೀನು ತಿನ್ನು ಎಂದೆ. ನಾನೊಬ್ಬಳೇ ತಿಂದ್ರೆ ಅದಕ್ಕೂ ಮಾತು ಬರುತ್ತೆ ಎಂದಳು. ಮೊನ್ನೆ ಮೊದಲನೆಯ ಡಿಸ್ಕು ತಂದಾಗಲೂ ಹೀಗೆಯೇ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತಿದ್ದಳು, ಮುಖ ತುಂಬ ಆಸೆ, ಬಾಯಿ ತುಂಬ ಕೊಂಕು.

ಮೊದಲನೆಯ ಡಿಸ್ಕು, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಈ ಯಂತ್ರ ಹಳೆಯದು, ಈಗಿನವರ ಕಡ್ಡಿಯಂಥ ಪೆನ್‌ಡ್ರೈವ್ ಇದಕ್ಕೆ ತಿಳಿಯುವುದಿಲ್ಲ, ಡಿಸ್ಕೇ ಬೇಕು, ಹೊಸದನ್ನು ಸ್ಥಾಪಿಸದೆ ಡಿಸ್ಕಿನ ಮೇಲೇ ಓಡಿಸಿ ಒಳಗಿರೋದನ್ನ ನೋಡಬಹುದು, ಏನೂ ಅಳಿಸಲ್ಲ ಎಂದು ಗ್ರಂಥಾಲಯದ ಮೇಡಂ ಹೇಳಿದರು, ಅಲ್ಲಿಯ ಕಂಪ್ಯೂಟರಿನಲ್ಲಿ ಒಂದು ದೊಡ್ಡ ಫೈಲನ್ನು ಇಳಿಸಿಕೊಟ್ಟರು, ಇದನ್ನ ಡಿಸ್ಕಿಗೆ ಬರೆಯೋದಷ್ಟೇ, ಬಂದೆ ಎಂದು ಯಾರಿಗೋ ಪುಸ್ತಕ ತೆಗೆದುಕೊಡಲು ಎದ್ದರು. ಬಂದೆ ಅಂದವರು ಬರುವಷ್ಟರಲ್ಲಿ ನಾನು ಆ ಫೈಲನ್ನು ಒತ್ತಿದೆ, ಅದು ಕಟ್ಟು ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು, ಒಳಗೆ ಎಷ್ಟು ಕಡತ, ಎಷ್ಟು ಹೆಸರು. ಪ್ರೆಸ್ಸಿನಿಂದ ಬಂದ ಹಾಳೆಗಳ ಕಟ್ಟನ್ನು ಎಣಿಸದೆ ಹೊಲಿದವಳೇ ಅಲ್ಲ ನಾನು, ಹದಿನಾರು ಪುಟದ ಒಂದೊಂದು ಮಡಿಕೆ, ಒಂದರ ಮೇಲೊಂದು, ಬೆನ್ನಿನ ಗುರುತು ಮೆಟ್ಟಿಲಿನ ಹಾಗೆ ಇಳಿಯಬೇಕು, ಒಂದು ಮೆಟ್ಟಿಲು ತಪ್ಪಿದರೂ ಕಣ್ಣಿಗೆ ಚುಚ್ಚುತ್ತದೆ. ಹಾಗೆಯೇ ಒಂದೊಂದು ಕಡತವನ್ನೂ ಹೆಸರು ಓದಿ, ಗಾತ್ರ ಓದಿ, ವರಸೆಯಲ್ಲಿ ಡಿಸ್ಕಿಗೆ ಸೇರಿಸಿದೆ, ಪಟ್ಟಿ ಬರೆದುಕೊಂಡು ಎರಡು ಸಲ ತಾಳೆ ನೋಡಿದೆ, ಒಂದೂ ಬಿಟ್ಟಿಲ್ಲ. ಮನೆಗೆ ತಂದು ಹಾಕಿದರೆ ಯಂತ್ರ ಡಿಸ್ಕನ್ನು ಸುತ್ತಿಸಿತು, ನಿಂತಿತು, ಅದೇ ಕಪ್ಪು, ಬಿಳಿ ಅಕ್ಷರ, ಎಬ್ಬಿಸಬಲ್ಲ ಡಿಸ್ಕು ಹಾಕಿ ಎಂದು. ತಮ್ಮನ ಹೆಂಡತಿ ಹಿಂದಿನಿಂದ ಓದಿದಳು, ಅತ್ತಿಗೆ, ಅದಕ್ಕೆ ಬೇರೆ ಡಿಸ್ಕ್ ಬೇಕಂತೆ, ನಿಮ್ಮ ಹೊಲಿಗೆ ಒಪ್ಪಿಗೆ ಆಗಿಲ್ಲ.

ಡಿಸ್ಕು ಹಿಡಿದು ಮತ್ತೆ ಗ್ರಂಥಾಲಯಕ್ಕೆ ಹೋದರೆ ಮೇಡಂ ನಕ್ಕರು, ಆದರೆ ಕೆಟ್ಟ ನಗು ಅಲ್ಲ. ಅಮ್ಮ, ಅದನ್ನ ಬಿಚ್ಚಬಾರದಿತ್ತು, ಅದು ಫೈಲುಗಳ ಕಟ್ಟಲ್ಲ, ಒಂದು ಇಡೀ ಡಿಸ್ಕಿನ ಪಡಿಯಚ್ಚು, ಇದ್ದ ಹಾಗೆ ಬರೆಯಬೇಕು. ಎಲ್ಲ ಸೇರಿಸಿದ್ದೆನಲ್ಲ, ಒಂದೂ ಬಿಡಲಿಲ್ಲ ಎಂದೆ. ಸೇರಿಸಿದ್ರಿ, ಆದ್ರೆ ಎಬ್ಬಿಸೋ ಚೂರು ಫೈಲುಗಳ ಪಟ್ಟಿಯಲ್ಲಿ ಕಾಣಲ್ಲ ಅಮ್ಮ, ಅದಕ್ಕೆ ತನ್ನದೇ ಜಾಗ ಇರುತ್ತೆ, ಯಂತ್ರ ಮೊದಲು ನೋಡೋದು ಆ ಜಾಗಾನ, ಅಲ್ಲಿ ಏನಿದ್ಯೋ ಅದನ್ನ ಓದಿ ಅದು ಹೇಳಿದ ಹಾಗೆ ಏಳುತ್ತೆ, ನೀವು ಪುಟಗಳನ್ನೆಲ್ಲ ತಂದ್ರಿ, ಅದನ್ನ ತರಲಿಲ್ಲ. ಪುಸ್ತಕದಲ್ಲಿಯೂ ಹಾಗೆಯೇ ಅಲ್ಲವೆ, ರಟ್ಟಿನ ಒಳಮೈಗೆ ಅಂಟಿಸುವ ಖಾಲಿ ಹಾಳೆ, ಅದಕ್ಕೆ ಪುಟಸಂಖ್ಯೆ ಇಲ್ಲ, ಯಾರೂ ಓದುವುದಿಲ್ಲ, ಅದು ಇಲ್ಲದಿದ್ದರೆ ರಟ್ಟು ಬೇರೆ ಪುಸ್ತಕ ಬೇರೆ, ಇದನ್ನು ನಾನಲ್ಲವೆ ತಿಳಿಯಬೇಕಾದವಳು. ಏನೂ ತಿಳಿಯದ ಯಂತ್ರ, ಕರೆಂಟು ಬಂದ ಆ ಕ್ಷಣದಲ್ಲಿ ತನ್ನ ಹೆಸರೂ ಅದಕ್ಕೆ ಗೊತ್ತಿಲ್ಲ, ಆದರೆ ಎಲ್ಲಿ ನೋಡಬೇಕು ಎಂಬುದೊಂದು ಗೊತ್ತಿದೆ. ಹುಟ್ಟಿದ ಕೂಸು ಕಣ್ಣು ಬಿಡುವ ಮೊದಲು ಬಾಯಿ ತಿರುಗಿಸುತ್ತದೆ, ತಮ್ಮ ಹುಟ್ಟಿದಾಗ ನನಗೆ ಒಂಬತ್ತು ವರ್ಷ, ನೋಡಿದ್ದೆ, ಕೆಂಪು ಮುಖ, ಮುಚ್ಚಿದ ಕಣ್ಣು, ಬಾಯಿ ಮಾತ್ರ ಅಮ್ಮನ ಕಡೆಗೆ, ಯಾರು ಹೇಳಿಕೊಟ್ಟರು ಅದಕ್ಕೆ. ಭಗವಂತ ನಮಗೂ ಅಷ್ಟನ್ನೇ ಬರೆದು ಕಳಿಸಿರಬೇಕು, ಮೊದಲ ಜಾಗದಲ್ಲಿ ಒಂದು ಚೂರು, ಉಳಿದದ್ದನ್ನೆಲ್ಲ ಆಮೇಲೆ ಓದಿಕೋ ಎಂದು.

ಎರಡನೆಯ ಸಲ ಬಿಚ್ಚಲಿಲ್ಲ. ಮೊದಲು ತಾಳೆ ನೋಡಬೇಕು ಎಂದರು, ಫೈಲನ್ನು ಕೊಟ್ಟವರು ಅದರ ಗುರುತೆಂದು ಅರವತ್ತನಾಲ್ಕು ಅಕ್ಷರ ಕೊಟ್ಟಿರುತ್ತಾರಂತೆ, ನಮ್ಮ ಫೈಲನ್ನು ಲೆಕ್ಕಕ್ಕೆ ಹಾಕಿದರೂ ಅದೇ ಬರಬೇಕಂತೆ, ಒಳಗೆ ಒಂದೇ ಒಂದು ಚುಕ್ಕೆ ಬದಲಾದರೂ ಅರವತ್ತನಾಲ್ಕೂ ಬದಲಾಗುತ್ತವಂತೆ. ಮೇಡಂ ಒಂದು ಕಡೆ ಓದಿದರು, ನಾನು ಇನ್ನೊಂದು ಕಡೆ ಬೆರಳಿಟ್ಟು ಹೂಂ ಎಂದೆ, ಏಳು, ಹೂಂ, ಸಿ, ಹೂಂ, ಸೊನ್ನೆ, ಹೂಂ, ಪಕ್ಕದ ಮೇಜಿನಲ್ಲಿ ಪತ್ರಿಕೆ ಓದುತ್ತಿದ್ದ ಯಜಮಾನರು, ನೀವಿಬ್ಬರೂ ಏನು ಜಪ ಮಾಡ್ತಿದ್ದೀರಾ ಎಂದರು, ಹೌದು ಎಂದೆ. ಅರವತ್ತನಾಲ್ಕೂ ಸೇರಿದವು. ಪ್ರಪಂಚದ ಯಾವುದೋ ಮೂಲೆಯಲ್ಲಿ ಯಾರೋ ಬರೆದದ್ದು, ಒಂದು ಚುಕ್ಕೆಯೂ ಕಳೆಯದೆ, ಒಂದು ಚುಕ್ಕೆಯೂ ಹೆಚ್ಚದೆ, ನನ್ನಂಥ ಹೊಲಿಗೆಯವಳ ಬೆರಳಿನ ತುದಿಗೆ ಬಂದು ನಿಂತಿದೆ, ಕೈ ಮುಗಿಯಬೇಕು ಅನ್ನಿಸಿತು, ಅಲ್ಲಿ ಜನ ಇದ್ದರು, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಮುಗಿದೆ. ಆಮೇಲೆ ಪಡಿಯಚ್ಚನ್ನು ಇದ್ದ ಹಾಗೆ ಬರೆಯಿರಿ ಎಂಬ ಗುಂಡಿ, ಹನ್ನೆರಡು ನಿಮಿಷ, ಡಿಸ್ಕು ಹೊರಗೆ ಬಂದಾಗ ಬೆಚ್ಚಗಿತ್ತು.

ಈಗ ಅದೇ ಡಿಸ್ಕು, ತಟ್ಟೆ ಒಳಕ್ಕೆ ಹೋಯಿತು, ಗುಂಡಿ ಒತ್ತಿದೆ, ಮೇಡಂ ಚೀಟಿಯಲ್ಲಿ ಬರೆದುಕೊಟ್ಟ ಹಾಗೆ ಎಫ್ ಹನ್ನೆರಡು, ಡಿಸ್ಕಿನಿಂದ ಎಂಬ ಸಾಲಿಗೆ ಇಳಿದು ಎಂಟರ್, ಸುತ್ತುವ ಸದ್ದು ಏರುತ್ತಿದೆ, ಬಿಸಿಲಿನಲ್ಲಿ ದುಂಬಿಯ ಸದ್ದಿನ ಹಾಗೆ, ಕಪ್ಪು, ಇನ್ನೂ ಕಪ್ಪು, ದೇವರೇ, ಈ ಸಲ ನಾನೇನೂ ಬಿಚ್ಚಿಲ್ಲ, ಏನನ್ನೂ ಓರಣ ಮಾಡಿಲ್ಲ — ಬೆಳಕು. ಪರದೆಯ ನಡುವೆ ಒಂದು ಸಣ್ಣ ವೃತ್ತ ತಿರುಗುತ್ತಿದೆ. ಬಂತಾ ಎಂದು ತಮ್ಮನ ಹೆಂಡತಿ ಓಡಿ ಬಂದಳು, ಕೈಯಲ್ಲಿ ಸೌಟು, ಬಂತು ಎಂದೆ. ಯಂತ್ರ ಕೇಳಿತು, ಸ್ಥಾಪಿಸಬೇಕೋ, ಸ್ಥಾಪಿಸದೆ ನೋಡಬೇಕೋ. ಎರಡೂ ಗುಂಡಿ ಅಕ್ಕಪಕ್ಕ, ಒಂದೇ ಗಾತ್ರ, ಒಂದೇ ಬಣ್ಣ, ಒಂದರಲ್ಲಿ ಎಲ್ಲ ಉಳಿಯುತ್ತದೆ, ಇನ್ನೊಂದರಲ್ಲಿ ಎಲ್ಲ ಹೋಗಬಹುದು, ಇಂಥದ್ದನ್ನು ಇಷ್ಟು ಹತ್ತಿರ ಇಡುತ್ತಾರೆಯೇ, ಅತ್ತಿಗೆ, ಎಡಗಡೆದು, ಎಡಗಡೆದು ಎಂದು ಅವಳು ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು, ಎಡಗಡೆಯದನ್ನೇ, ಸ್ಥಾಪಿಸದೆ ನೋಡುವುದನ್ನೇ ಒತ್ತಿದೆವು, ಇಬ್ಬರೂ.

ಮನೆಗೆ ಬಂದ ನೆಂಟರು ಏನನ್ನೂ ಮುಟ್ಟದೆ ಕೋಣೆ ಕೋಣೆ ನೋಡುವ ಹಾಗೆ ಹೊಸ ವ್ಯವಸ್ಥೆ ಹಳೆಯ ಯಂತ್ರದೊಳಗೆ ನಡೆದಾಡುತ್ತಿದೆ, ತಮ್ಮನ ಹೆಸರಿನ ಫೋಲ್ಡರು, ಒಳಗೆ ಪ್ರೆಸ್ಸಿನ ಕೆಲಸ, ಆಹ್ವಾನಪತ್ರ, ಬಿಲ್ಲು ಪುಸ್ತಕ, ಅದರ ಕೆಳಗೆ, ಅಮ್ಮನ ಪದ. ತೆರೆಯಿತು. ಬೆಳಗಾಯಿತೆಂದು ಯಾರು ಹೇಳಿದರೋ ಬಾಗಿಲಿಗೆ. ಒಂದೊಂದೇ ಸಾಲು ಇಳಿಯುತ್ತಿದ್ದೇನೆ, ಬಾಗಿಲಿಗೆ ಆದ ಮೇಲೆ ಇದೇನು, ತಡಿ, ಹಾಲು ಇಟ್ಟಿದ್ದೀನಿ ಬಂದೆ, ಇದು ಪದದಲ್ಲಿ ಇಲ್ಲ, ಇದು ನಾನು, ನಾನು ಆಡಿದ ಮಾತು. ಅಲ್ಲ ಅಲ್ಲ, ಮೊದಲು ದೀಪ, ಆಮೇಲೆ ಗಾಳಿ. ಕಾಲು ಅಲ್ಲಾಡಿಸಬೇಡ ಕಂದ, ಮರೆತುಹೋಗುತ್ತೆ. ಎಲ್ಲ ಇದೆ, ಅವನು ಅಚ್ಚು ಜೋಡಿಸುವವನು, ಪ್ರತಿಯಲ್ಲಿ ಇದ್ದ ಹಾಗೆ ಜೋಡಿಸು, ತಿದ್ದುವುದು ನಿನ್ನ ಕೆಲಸವಲ್ಲ ಎಂದು ಪ್ರೆಸ್ಸಿನ ಹಳೆಯ ಯಜಮಾನರು ಕಲಿಸಿದ್ದರು, ನನ್ನ ಬಾಯಿಂದ ಬಂದದ್ದನ್ನೆಲ್ಲ ಒಂದು ಕೆಮ್ಮೂ ಬಿಡದೆ ಇಳಿಸಿದ್ದಾನೆ, ಮೂರು ವರ್ಷ, ನಲವತ್ತೊಂದು ಪದ, ಇವತ್ತು ಇವಳು ಉಪ್ಪು ಮರೆತಿದ್ದಾಳೆ, ನೀನು ಏನೂ ಅನ್ನಬೇಡ. ಓಹೋ, ದೇವರ ಪದದ ಮಧ್ಯೆ ನನ್ನ ಉಪ್ಪು ಎಂದಳು ತಮ್ಮನ ಹೆಂಡತಿ, ಸೌಟು ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಳ್ಳುತ್ತ, ಅಂದ್ರೆ ಅವರಿಗೆ ಗೊತ್ತಾಗಿತ್ತು, ಸುಮ್ಮನೆ ತಿಂದ್ರು. ನಕ್ಕೆವು, ಎಷ್ಟು ದಿನವಾಗಿತ್ತು. ಆದರೆ ಎಲ್ಲಿಯೂ ಅವನ ಮಾತಿಲ್ಲ, ಅವನು ಎಷ್ಟು ಕೀಟಲೆ ಮಾಡುತ್ತಿದ್ದ, ಒಂದನ್ನೂ ಹಾಕಿಲ್ಲ, ಜೋಡಿಸುವವನು ತನ್ನ ಮಾತನ್ನು ಪ್ರತಿಗೆ ಸೇರಿಸುವುದಿಲ್ಲ.

ಮೊದಲ ಪದಕ್ಕೆ ಮತ್ತೆ ಹೋದೆ, ಐದನೆಯ ನುಡಿ ಬೇಕು. ನಾಲ್ಕು ನುಡಿ ಇದೆ, ನಾಲ್ಕರ ಕೆಳಗೆ, ಐದನೇದು ಇವತ್ತು ಬರ್ತಿಲ್ಲ, ಕೊನೆಗೆ ಹೇಳ್ತೀನಿ, ಜಾಗ ಬಿಡು. ಜಾಗ ಬಿಟ್ಟಿದ್ದಾನೆ. ಹಾಗಾದರೆ ಅವನು ಇದ್ದಾಗಲೇ ಮರೆತಿದ್ದೆ, ಅವನು ಹೋದದ್ದರಿಂದ ಅಲ್ಲ, ಮೂರು ವರ್ಷದ ಹಿಂದೆಯೇ ಆ ಗೋಡೆ ಇತ್ತು, ಅವನಿಗೆ ಗೊತ್ತಿತ್ತು, ನನಗೆ ಒಮ್ಮೆಯೂ ನೆನಪಿಸಲಿಲ್ಲ, ಅಕ್ಕ ಹೇಳುತ್ತಾಳೆ ಎಂದು ಕಾದ. ಕೊನೆಗೆ ಎಂದರೆ ಕೊನೆಗೆ, ಕೆಳಗಿನ ಬಾಣದ ಕೀಲಿಯನ್ನು ಒತ್ತಿ ಹಿಡಿದೆ, ಪದಗಳು ಮೇಲಕ್ಕೆ ಓಡುತ್ತಿವೆ, ಹತ್ತು, ಇಪ್ಪತ್ತಾರು, ನಲವತ್ತೊಂದು, ಅದರ ಕೆಳಗೆ ಕೊನೆಯ ದಿನ, ಅವನಿಗೆ ಎದೆ ಹಿಡಿಯುವ ಹಿಂದಿನ ಮಧ್ಯಾಹ್ನ, ಮುಗೀತಲ್ಲ ಕಂದ, ಇನ್ನು ಆ ಐದನೇ ನುಡಿ ಒಂದು ಬಾಕಿ, ಇವತ್ತು ಸುಸ್ತು, ನಾಳೆ ಹೇಳ್ತೀನಿ. ಅದರ ಕೆಳಗೆ ಒಂದು ಸಾಲು, ಇದು ನನ್ನದಲ್ಲ, ನಾನು ಹೀಗೆ ಹೇಳಿಲ್ಲ, ಹೇಳುವುದಿಲ್ಲ, ಸರಿ ಅಕ್ಕ. ಎರಡು ಮಾತು, ಇಡೀ ಪ್ರತಿಯಲ್ಲಿ ಅವನವು ಎರಡೇ ಎರಡು, ಸರಿ ಅಕ್ಕ, ಅದರ ಪಕ್ಕದಲ್ಲಿ ಒಂದು ಸಣ್ಣ ನೆಟ್ಟಗಿನ ಗೆರೆ, ಕಾಣಿಸುತ್ತದೆ, ಕಾಣಿಸುವುದಿಲ್ಲ, ಕಾಣಿಸುತ್ತದೆ, ಅತ್ತಿಗೆ, ಅದು ಯಾಕೆ ಹಾಗೆ ಮಿಟುಕಿಸ್ತಿದೆ ಎಂದು ಅವಳು ಕೇಳುತ್ತಿದ್ದಾಳೆ, ಇಲ್ಲಿ ಬರೆಯಬಹುದು ಎಂದು, ಎಂದೆ, ಅಂದೆನೋ ಇಲ್ಲವೋ, ನಾಳೆ ಹೇಳ್ತೀನಿ, ಸರಿ ಅಕ್ಕ, ಗೆರೆ ಕಾಣಿಸುತ್ತದೆ, ಕಾಣಿಸುವುದಿಲ್ಲ, ಸರಿ ಅಕ್ಕ, ಗೆರೆ, ಸರಿ ಅಕ್ಕ, ಗೆರೆ