ಒಣಗದ ಬಿಲ್ಲೆ

ಲ್ಯಾಬಿನ ಗಾಜಿನ ತಟ್ಟೆಯ ನಡುವೆ, ನಾನು ಪರೀಕ್ಷೆಗಿಟ್ಟಿದ್ದ ಔಷಧಿ ಎಲೆಯ ಸಾರ ಹೀರಿದ ಕಾಗದದ ಬಿಲ್ಲೆಯ ಸುತ್ತ ಸ್ವಚ್ಛವಾದ ವೃತ್ತ ಬಿದ್ದಿತ್ತು. ಉಳಿದೆಡೆಯೆಲ್ಲ ಅಣ್ಣನ ಕಾಲಿನ ಗಾಯದಿಂದ ತಂದ ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ಹಬ್ಬಿಕೊಂಡಿತ್ತು. ಆಸ್ಪತ್ರೆಯ ಯಾವ ಆಂಟಿಬಯಾಟಿಕ್‌ಗೂ ಜಗ್ಗದ ಹಟಮಾರಿ ಅದು. ಅಣ್ಣ ಜ್ವರದಲ್ಲಿ ಎಚ್ಚರ ತಪ್ಪಿದ್ದ. ಬೆಳಿಗ್ಗೆ ಒಂಬತ್ತು ಗಂಟೆಗೆ ಕಾಲು ಕತ್ತರಿಸಿ ತೆಗೆಯುತ್ತೇವೆ, ಮನೆಯವರ ಸಹಿ ಬೇಕು ಎಂದು ಡಾಕ್ಟರು ಹೇಳಿದ್ದರು.

ನಾನು ಹಿಂದೆಮುಂದೆ ನೋಡದೆ ಅತ್ತಿಗೆಗೆ ಫೋನ್ ಮಾಡಿದೆ.

“ಎಲೆ ಕೆಲಸ ಮಾಡ್ತಿದೆ ಅತ್ತಿಗೆ! ಕಣ್ಣಾರೆ ನೋಡ್ದೆ. ಸಹಿ ಹಾಕ್ಬೇಡಿ!”

ಅವರು ಜೋರಾಗಿ ಅತ್ತುಬಿಟ್ಟರು. ನಾನೂ ಅತ್ತೆ. ನೆಲ ಒರೆಸುತ್ತಿದ್ದವಳಿಗೂ ತಟ್ಟೆ ತೋರಿಸಿದೆ. ಅಷ್ಟು ಬೀಗಿದ್ದೆ.

ಹತ್ತಕ್ಕೆ ನಮ್ಮ ಲ್ಯಾಬಿನ ಮೇಡಂ ಬಂದರು. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮುಖದಲ್ಲಿ ನಗು ಮೂಡಲಿಲ್ಲ.

“ಬಿಲ್ಲೆ ಎಷ್ಟೊತ್ತು ಒಣಗಿಸ್ದೆ?”

“ಹತ್ತು ನಿಮಿಷ.”

“ಒಂದು ಗಂಟೆ ಅಂತ ಗೋಡೆ ಮೇಲೆ ಬರೆದಿರೋಳು ನೀನೇ ತಾನೆ? ಬರೀ ಆಲ್ಕೋಹಾಲ್ ಹಾಕಿದ ತಟ್ಟೆ ಎಲ್ಲಿ?”

ನಾನು ಬ್ಯಾಕ್ಟೀರಿಯಾ ಬೆಳೆಸುವ ಕಾವುಪೆಟ್ಟಿಗೆಯ ಕಡೆ ಕೈ ತೋರಿಸಿದೆ. ಎಲೆಯ ಸಾರ ಇಳಿಸಿದ್ದು ಆಲ್ಕೋಹಾಲಿನಲ್ಲಿ. ಅದು ಪೂರ್ತಿ ಆರದಿದ್ದರೆ ಬ್ಯಾಕ್ಟೀರಿಯಾವನ್ನು ಅದೇ ಕೊಲ್ಲುತ್ತದೆ. ಅದನ್ನು ಕಂಡುಹಿಡಿಯಲೆಂದೇ ಎಲೆಯಿಲ್ಲದ ಬಿಲ್ಲೆಯೊಂದನ್ನು ಬೇರೆ ತಟ್ಟೆಯಲ್ಲಿ ಇಡುತ್ತೇವೆ. ಇಟ್ಟಿದ್ದೆ. ನೋಡಿರಲಿಲ್ಲ. ನನ್ನ ಅವಸರಕ್ಕೆ ಬೆಂಕಿ ಹಾಕ!

ಮೇಡಂ ಕಾವುಪೆಟ್ಟಿಗೆಯ ಬಾಗಿಲು ತೆರೆದು ಎರಡನೆಯ ತಟ್ಟೆ ಹೊರತೆಗೆದರು. ಅದರಲ್ಲೂ ಅಷ್ಟೇ ದೊಡ್ಡ ವೃತ್ತ. ಎಲೆ ಏನೂ ಮಾಡಿರಲಿಲ್ಲ.

“ಎಲೇನೇ ಕೊಂದಿದ್ರೂ ಅದು ತಟ್ಟೆ, ಮೈಯಲ್ಲ. ಹೋಗು, ಮೊದ್ಲು ಸಹಿ ಹಾಕ್ಸು.”

ಅತ್ತಿಗೆ ಫೋನ್ ಎತ್ತಲಿಲ್ಲ. ಆಟೋದಲ್ಲಿ ಕೂತು ಹತ್ತು ಸಲ ಮಾಡಿದೆ.

ವಾರ್ಡಿನ ಬಾಗಿಲಲ್ಲೇ ಅವರು ಸಿಕ್ಕರು, ಮುಖ ತೊಳೆದು, ತಲೆ ಬಾಚಿಕೊಂಡು. “ಔಷಧಿ ತಂದ್ಯಾ?” ಎಂದರು.

“ತಪ್ಪಾಯ್ತು ಅತ್ತಿಗೆ. ನಾನು ತಪ್ಪು ನೋಡ್ದೆ. ಸಹಿ ಹಾಕಿ.”

ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿ. ಅವರು ಹಾಗೇ ಗೋಡೆಗೊರಗಿ ಕೂತರು. ನರ್ಸ್ ತಂದ ಕಾಗದವನ್ನು ನನ್ನ ಕಡೆ ತಳ್ಳಿದರು.

“ಬೇಡ ಅಂದಿದ್ದು ನೀನು. ನೀನೇ ಹಾಕು. ನನ್ನ ಕೈಲಾಗಲ್ಲ.”

ಸಂಬಂಧ ಎಂದಿದ್ದಲ್ಲಿ ತಂಗಿ ಎಂದು ಬರೆದೆ. ಮೇಲಿನ ಸಾಲಿನಲ್ಲಿ ‘ಮೊಣಕಾಲಿನ ಕೆಳಗೆ’ ಎಂದಿತ್ತು. ಡಾಕ್ಟರು ‘ಕೆಳಗೆ’ ಎಂಬುದನ್ನು ಹೊಡೆದು, ಈಗಷ್ಟೇ ‘ಮೇಲೆ’ ಎಂದು ತಿದ್ದಿದ್ದರು. ಎರಡು ಗಂಟೆ ತಡವಾಗಿತ್ತು; ಅಷ್ಟರಲ್ಲಿ ಸೋಂಕು ಮೇಲೇರಿತ್ತು.

ಶಾಯಿ ಇನ್ನೂ ಹಸಿಯಾಗಿತ್ತು. ಆರುವವರೆಗೆ ಕಾಯುವಂತಿರಲಿಲ್ಲ. ಸಹಿ ಹಾಕಿದೆ.