ಸಾಕ್ಷಿಗೆ ಮಾಡಿದ ಕೇಬಲ್

ಬೋರಣ್ಣನಿಗೆ ಮೂಗಿನ ತುದೀಲಿ ಕೋಪ ಅಂತ ಬೇಗೂರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಆ ಬೋರಣ್ಣ ನಾನೇ, ಇಲ್ಲ ಅನ್ನಲ್ಲ. ಮೂವತ್ತು ವರ್ಷದಿಂದ ಮೈಕ್ ಸೆಟ್ ಬಾಡಿಗೆಗೆ ಕೊಡ್ತಾ ಬಂದಿದ್ದೀನಿ. ಜೆ.ಪಿ. ನಗರದ ಗಣೇಶ ಇರಲಿ, ಬನಶಂಕರಿ ಕಡೆ ಆರ್ಕೆಸ್ಟ್ರಾ ಇರಲಿ, ಸ್ಪೀಕರ್ ಬಾಕ್ಸು ನಂದೇ. ಮೆತ್ತಗೆ ಮಾತಾಡೋನಿಗೆ ಈ ಕಸುಬಲ್ಲಿ ಅನ್ನ ಹುಟ್ಟಲ್ಲ.

ಹೀಗಿರೋವಾಗ ಒಬ್ಬಳೇ ಮಗಳು ಅರ್ಪಿತ ಅಂಗಡಿಗೆ ಬಂದು, ಸ್ಟೂಲ್ ಮೇಲೆ ಕೂತು ಅಳ್ತಾಳೆ ಅಂದ್ರೆ ನಾನು ಸುಮ್ನಿರ್ತೀನಾ? ಅವಳು ಪೈಲಟ್ ಆಗೋಕೆ ಓದ್ತಿದ್ದಾಳೆ. ಕೆರೆ ಪಕ್ಕದ ಸೈಟು ಮಾರಿ ಸೇರಿಸಿದ್ದು. ಜೊತೇಲಿ ಸೇರಿದ ನಾಲ್ಕೂ ಜನ ಪಕ್ಕದಲ್ಲಿ ಟೀಚರ್ ಇಲ್ದೆ ಒಬ್ಬೊಬ್ಬರೇ ವಿಮಾನ ಹಾರಿಸಿ ಇಳಿಸಿದ್ದಾರೆ. ನನ್ನ ಮಗಳನ್ನ ಮಾತ್ರ ಒಬ್ಬಳೇ ಬಿಡ್ತಿಲ್ಲ. ಕಲಿಸೋ ಶಾಲಿನಿ ಮೇಡಂ ಅವಳ ಪುಸ್ತಕದಲ್ಲಿ ಐದು ಸಲ ಒಂದೇ ಮಾತು ಬರೆದಿದ್ದಾರೆ, ಹೇಳಿದ್ದು ಕೇಳಲ್ಲ ಅಂತ. ಇನ್ನೊಂದು ಸಲ ಹಾಗೇ ಬರೆದ್ರೆ ಕೋರ್ಸಿಂದ ತೆಗೀತಾರಂತೆ.

"ಅವರು ಹೇಳೋದೇ ಇಲ್ಲಪ್ಪ," ಅಂದ್ಲು ಅರ್ಪಿತ. "ಆಮೇಲೆ ಮೂರು ಸಲ ಹೇಳ್ದೆ ಅಂತಾರೆ."

ಹೆತ್ತೋರಿಗೆ ಹೆಗ್ಗಣ ಮುದ್ದು ಅಂತ ನೀವು ಅಂದ್ಕೋಬಹುದು. ಆದ್ರೆ ಇವಳು ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದೋಳಲ್ಲ. ನೆತ್ತಿ ಕಾದ್ಹೋಯ್ತು ನಂಗೆ. ನಮ್ಮಂಥೋರ ಮನೆ ಹುಡುಗಿ ವಿಮಾನ ಹತ್ತೋದು ಆಯಮ್ಮನಿಗೆ ಸೈರಿಸ್ತಿಲ್ಲ, ಅಷ್ಟೇ ಅಂದೆ. ಬಾಯಿ ಮಾತು ಬೇಡ, ಸಾಕ್ಷಿ ಇಟ್ಕೊಂಡೇ ಹೋಗೋಣ ಅಂದೆ.

ಪುಟ್ಟ ವಿಮಾನದಲ್ಲಿ ಇಂಜಿನ್ ಸದ್ದಿಗೆ ಪಕ್ಕದಲ್ಲಿ ಕೂತೋರ ಮಾತೂ ಕೇಳಲ್ವಂತೆ. ಇಬ್ಬರೂ ಹೆಡ್‌ಫೋನ್ ಹಾಕ್ಕೊಂಡು ಅದರ ಮೈಕಲ್ಲೇ ಮಾತಾಡ್ಬೇಕು. ಸರಿ, ಅದು ನನ್ನ ಕಸುಬೇ ತಾನೇ. ಮೂರು ತುದಿಯ ಕೇಬಲ್ ಮಾಡ್ದೆ. ಒಂದು ವಿಮಾನದ ಸಾಕೆಟ್ಟಿಗೆ, ಒಂದು ಅವಳ ಹೆಡ್‌ಫೋನಿಗೆ, ಇನ್ನೊಂದು ಜೇಬಲ್ಲಿಡೋ ರೆಕಾರ್ಡರಿಗೆ. ದನಿ ಜೋರಾಗಿ ಒಡೀಬಾರದು ಅಂತ ನಡುವೆ ಒಂದು ರೆಸಿಸ್ಟರ್ ಬೆಸುಗೆ ಹಾಕ್ದೆ. ನನ್ನ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಯಾವ ಕೇಬಲ್ಲೂ ಮಾಡಿರಲಿಲ್ಲ.

ರೆಕಾರ್ಡ್ ಮಾಡ್ಕೋತೀನಿ ಅಂತ ಅರ್ಪಿತ ಕೇಳಿದ್ದಕ್ಕೆ ಮೇಡಂ ಮಾಡ್ಕೋ, ಮನೇಲಿ ಕೇಳಿ ಕಲಿ, ಒಳ್ಳೇದೇ ಅಂದ್ರಂತೆ. ಎಷ್ಟು ನಾಟಕ ನೋಡು ಅಂದ್ಕೊಂಡೆ ನಾನು.

ಭಾನುವಾರ ಮಧ್ಯಾಹ್ನ ರೆಕಾರ್ಡರ್ ತಂದ್ಲು. ಅಂಗಡಿ ಶಟರ್ ಅರ್ಧ ಎಳೆದು, ಮಿಕ್ಸರಿಗೆ ಸೇರಿಸಿ, ಎರಡು ಬಾಕ್ಸಲ್ಲಿ ಹಾಕಿದೆ. ಹಾಕೋವಾಗ ಸೋಮವಾರ ಅವಳ ಪೈಲಟ್ ಸ್ಕೂಲ್ ಆಫೀಸಿಗೆ ಹೋಗಿ ಏನೇನು ಬೈಬೇಕು ಅಂತ ಬಾಯಲ್ಲೇ ಜೋಡಿಸ್ಕೋತಿದ್ದೆ.

ಮೊದಲು ಇಂಜಿನ್ ಸದ್ದು. ಆಮೇಲೆ ಏರ್‌ಪೋರ್ಟ್ ಟವರಿಂದ ಒಬ್ಬ ಗಂಡಸಿನ ದಪ್ಪ ದನಿ. ಅವನು ಕೇಳಿದ್ದಕ್ಕೆಲ್ಲ ನನ್ನ ಮಗಳು ಪಟಪಟ ಉತ್ತರ ಕೊಡ್ತಿದ್ಲು. ಎದೆ ಉಬ್ಬಿ ಹೋಯ್ತು ನಂಗೆ. ಇಳಿಯೋ ಹೊತ್ತು ಬಂತು. ಮೇಡಂ ದನಿ ಸಣ್ಣದು, ಪುಟ್ಟ ಹುಡುಗಿ ದನಿ ಥರ. "ಸ್ಪೀಡ್ ನೋಡು ಅರ್ಪಿತ," ಅಂದ್ರು. ಉತ್ತರ ಇಲ್ಲ. "ಸ್ಪೀಡ್ ಕಮ್ಮಿ ಆಗ್ತಿದೆ, ವಿಮಾನದ ಮೂತಿ ತಗ್ಗಿಸು." ಇಲ್ಲ. "ಅರ್ಪಿತ, ಮೂತಿ ತಗ್ಗಿಸಮ್ಮ." ಕೊನೆಗೆ ಕಂಟ್ರೋಲ್ ನಂಗೆ ಕೊಡು ಅಂತ ಅವರೇ ಕಿರುಚಿ ವಿಮಾನ ತಗೊಂಡ್ರು.

ಅರ್ಪಿತ ನನ್ನ ಕಡೆ ತಿರುಗಿದ್ಲು. ಮುಖ ಅರಳಿತ್ತು.

"ನೋಡಿದ್ಯಾ? ಒಂದು ಮಾತಾದ್ರೂ ಹೇಳಿದ್ರಾ? ಸುಮ್ನೆ ಕೂತಿದ್ದು ಒಂದೇ ಸಲ ಕಿರುಚಿದ್ರು."

ನಾನು ಅಲ್ಲೇ ಆಂಪ್ಲಿಫೈಯರ್ ಮೇಲೆ ಕೂತೆ.

ಅವಳಿಗೆ ಮೂರು ವರ್ಷ ಇದ್ದಾಗ ನನ್ನ ಹೆಂಡ್ತಿ ಮಂಗಮ್ಮ ಬೊಮ್ಮನಹಳ್ಳಿ ಗಾರ್ಮೆಂಟ್ಸಿಗೆ ಹೋಗ್ತಿದ್ಲು, ಬರೋ ಹೊತ್ತಿಗೆ ಕತ್ತಲಾಗ್ತಿತ್ತು. ಮಗುನ ನಾನೇ ಪ್ರೋಗ್ರಾಮಿಗೆ ಕರ್ಕೊಂಡು ಹೋಗ್ತಿದ್ದೆ. ಬಾಕ್ಸಿಗೆ ಒರಗಿಸಿ ಒಂದು ಕಂಬಳಿ ಹಾಸಿದ್ರೆ ಮಲ್ಕೊಂಡ್ಬಿಡೋಳು. ತಮಟೆ, ಡ್ರಮ್ಮು, ಹಾಡು, ಯಾವುದಕ್ಕೂ ಏಳ್ತಿರಲಿಲ್ಲ. ಇಷ್ಟು ಗಲಾಟೇಲಿ ಹೆಂಗೆ ನಿದ್ದೆ ಮಾಡುತ್ತೋ ಮಗು ಅಂತ ಜನ ಬೆರಗಾಗೋರು. ಮೈಕ್ ಸೆಟ್ ಬೋರಣ್ಣನ ಮಗಳು ಕಣ್ರೀ ಅಂತ ನಾನು ಮೀಸೆ ತಿರುವ್ತಿದ್ದೆ. ಏಳೆಂಟು ವರ್ಷ ಹಂಗೇ ತಿರುವಿದೆ. ನನ್ನ ಮುಖಕ್ಕಿಷ್ಟು ಬೆಂಕಿ ಹಾಕ.

ಸುಳ್ಳು ಹೇಳ್ಬಿಡೋಣ ಅನ್ನಿಸ್ತು. ಹೌದಮ್ಮ, ಏನೂ ಹೇಳಿಲ್ಲ ಅಂದ್ಬಿಟ್ರೆ ಇವತ್ತೊಂದು ದಿನ ನಗ್ತಾ ಇರ್ತಾಳೆ. ಆದ್ರೆ ನಾಳೆ ಅದೇ ರೆಕಾರ್ಡ್ ಹಿಡ್ಕೊಂಡು ಆಫೀಸಿಗೆ ಹೋಗ್ತಾಳೆ. ಹತ್ತು ಜನರ ಮುಂದೆ ಹಾಕ್ತಾಳೆ.

"ಹೇಳಿದ್ದಾರೆ ಕಣಮ್ಮ," ಅಂದೆ. "ಮೂರು ಸಲ."

ತಮಾಷೆ ಅಂದ್ಕೊಂಡು ನಕ್ಳು. ನಾನು ನಗಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ್ಲು, ದನಿ ಏರಿಸಿದ್ಲು. ಬಾಕ್ಸಿಗೆ ಕಿವಿ ಹಚ್ಚಿದ್ಲು. ಸಣ್ಣ ದನಿ ಎದ್ದು ಬರೋ ಹಂಗೆ ನಾನೇ ಮಿಕ್ಸರಲ್ಲಿ ಗುಂಡಿ ತಿರುಗಿಸಿಕೊಟ್ಟೆ. ಶಟರ್ ಅದುರೋಕೆ ಶುರುವಾಯ್ತು. ಎದುರು ಮನೆ ಚೂಡಾಮಣಿ ಆಂಟಿ ಬಗ್ಗಿ ನೋಡಿ ಹೋದ್ರು. ಆರನೇ ಸಲಕ್ಕೆ ಅವಳ ಮುಖ ಇಳಿದದ್ದು ನೋಡ್ದೆ. ಮೂತಿ ತಗ್ಗಿಸಮ್ಮ ಅನ್ನೋದು ಅವಳಿಗೆ ಕೇಳಿಸ್ತು.

ಸ್ವಿಚ್ಚು ಆರಿಸಿದ್ಲು. ಅಳಲಿಲ್ಲ. ಮೊದಲ ಮೆಡಿಕಲಲ್ಲಿ ಕಿವಿ ಪರೀಕ್ಷೆ ಅಂತ ಡಾಕ್ಟರ್ ಬೆನ್ನ ಹಿಂದೆ ನಿಂತು ಮಾತಾಡಿ ಪಾಸ್ ಮಾಡಿದ್ರು ಅಂದ್ಲು. ಆ ಡಾಕ್ಟರ್ ದನಿ ದಪ್ಪ ಇತ್ತು, ದಪ್ಪ ದನಿ ನಂಗೆ ಕೇಳುತ್ತೆ ಅಂದ್ಲು. ಮುಂದಿನ ತಿಂಗಳು ದೊಡ್ಡ ಮೆಡಿಕಲ್, ಅದ್ರಲ್ಲಿ ಕಿವೀನ ಮಷಿನ್ನಲ್ಲೇ ನೋಡೋದು. ಅಲ್ಲಿ ಯಾರ ಹತ್ರ ಜಗಳ ಆಡ್ಲಿ ನಾನು? ಮೇಡಂ ಹತ್ರ ತಪ್ಪಾಯ್ತು ಅಂತ ನಾಳೆ ಅವಳೇ ಹೇಳ್ತಾಳಂತೆ. ಕೋರ್ಸು ಬಿಟ್ಬಿಡ್ತೀನಪ್ಪ ಅಂತಾನೂ ಅಂದ್ಲು.

ಕೇಬಲ್ನ ನೀಟಾಗಿ ಸುತ್ತಿ ನನ್ನ ಕೈಗೆ ಕೊಟ್ಲು. ಆಮೇಲೆ ನನ್ನ ಮುಖಾನೇ ನೋಡ್ತಾ ನಿಂತ್ಲು.

"ನಿಂಗೆ ಹೆಂಗಪ್ಪ ಎಲ್ಲಾ ಕೇಳ್ಸುತ್ತೆ? ನಾನು ಮಲಗ್ತಿದ್ದ ಬಾಕ್ಸ್ ಪಕ್ಕದಲ್ಲೇ ನೀನೂ ಇರ್ತಿದ್ಯಲ್ಲ."

ಕಸುಬಿಗೆ ಸೇರಿದ ಮೊದಲ ದಿನ ನನ್ನ ಗುರು ಒಂದೇ ಪಾಠ ಹೇಳ್ಕೊಟ್ಟಿದ್ರು. ಅವತ್ತಿಂದ ಇವತ್ತಿನವರೆಗೂ ನಾನದನ್ನ ಒಂದು ದಿನಾನೂ ತಪ್ಪಿಸಿಲ್ಲ. ಅಂಗಿ ಜೇಬಲ್ಲಿ ಆಗಲೂ ಇತ್ತು, ಈಗಲೂ ಇದೆ.

"ನಾನು ಕಿವಿಗೆ ಹತ್ತಿ ಇಟ್ಕೋತಿದ್ದೆ ಕಣಮ್ಮ," ಅಂದೆ.

ದನಿ ಹೊರಗೇ ಬಂದಿರಲಿಲ್ಲ. ಏನಂದೆ ಅಂತ ಹತ್ರ ಬಗ್ಗಿದ್ಲು, ಕೇಳಿಸ್ಲಿಲ್ಲ ಅಂದ್ಲು. ನಾನು ಇನ್ನೊಂದ್ಸಲ, ಜೋರಾಗಿ ಹೇಳಬೇಕಾಯ್ತು.